ಹುಳಿ ಹಿಂಡಿದವಳು

ನಮ್ಮೂರಿನಲ್ಲಿ ಮೊಸರಿಲ್ಲ. ಮದುವೆಯಾಗಲಿ ತಿಥಿಯಾಗಲಿ, ಊಟದ ಕೊನೆಗೆ ಬಿಸಿ ಅನ್ನಕ್ಕೆ ಹಾಲು ಹಾಕಿ ಕಲಸಿ, ಜೊತೆಗೊಂದು ಬೆಲ್ಲದ ಚೂರು ಕಡಿದು, ಇನ್ನೇನು ಬೇಕು ಜನ್ಮಕ್ಕೆ ಅನ್ನುವ ಮುಖ ಮಾಡಿಕೊಂಡು ಎಲೆ ಬಿಟ್ಟು ಏಳುತ್ತೇವೆ. ದೋಸೆ ಹಿಟ್ಟನ್ನು ರುಬ್ಬಿದ ಕೈಯಲ್ಲೇ ಹುಯ್ದು ಮುಗಿಸಬೇಕು, ಪಾತ್ರೆಯಲ್ಲಿ ಉಬ್ಬಲು ಬಿಡುವಂತಿಲ್ಲ. ಇಡ್ಲಿಗೆ ಅಡುಗೆ ಸೋಡಾ. ಹೊರಗಿನಿಂದ ಬಂದ ನೆಂಟರು ನಮ್ಮ ಇಡ್ಲಿಯನ್ನು ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿ, ಹಸಿವಿಲ್ಲ ಅಂತ ಕೆಳಗಿಡುತ್ತಾರೆ. ಹುಣಸೆ, ನಿಂಬೆ, ಮಾವಿನಕಾಯಿಗೆ ಅಡ್ಡಿಯಿಲ್ಲ; ಅವು ಹುಟ್ಟಿದ್ದೇ ಹುಳಿಯಾಗಿ. ನಿನ್ನೆ ಸಿಹಿಯಾಗಿದ್ದದ್ದು ಇವತ್ತು ಹುಳಿಯಾಯಿತು ಅಂದರೆ ಮಾತ್ರ ನಮ್ಮೂರು ಸಹಿಸುವುದಿಲ್ಲ. ಒಣಮೆಣಸಿನಕಾಯಿ ಕೂಡ ತೊಟ್ಟು ಮುರಿದೇ ಊರೊಳಗೆ ಬರಬೇಕು. ಹೆಪ್ಪು ಇಲ್ಲದವರು ಉಗುರುಬೆಚ್ಚಗಿನ ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿಟ್ಟರೂ ಸಾಕು, ಮೊಸರಾಗುತ್ತದೆ ಅನ್ನುವುದು ಊರಬಾಗಿಲ ಕಾವಲಿನವರಿಗೂ ಗೊತ್ತು. ಮೂಟೆ ಬಿಚ್ಚಿ ಒಂದೊಂದನ್ನೂ ಎತ್ತಿ ನೋಡುತ್ತಾರೆ.

ಇಷ್ಟೆಲ್ಲ ಬಿಯರ್‌ಗೋಸ್ಕರ. ನಮ್ಮೂರ ನೀರಿನಲ್ಲಿ ಅಡುಗೆ ಮಾಡಬಹುದು, ಮೀಯಬಹುದು. ಬರೀ ನೀರನ್ನು ಕುಡಿದರೆ ಮಾತು ಹೋಗುತ್ತದೆ. ಒಂದು ಚೊಂಬು ಕುಡಿದರೆ ದನಿ ಒಡೆಯುತ್ತದೆ. ಎರಡು ದಿನ ಕುಡಿದರೆ ಗಂಟಲಿನಿಂದ ಗಾಳಿ ಬಿಟ್ಟು ಇನ್ನೇನೂ ಬರುವುದಿಲ್ಲ. ಹಾಗೆ ಹೋದ ಮಾತು ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ. ಅದಕ್ಕೇ ಊರ ನಡುವೆ ಕೊಪ್ಪರಿಗೆ ಮನೆ ಇದೆ. ಬಾರ್ಲಿಯನ್ನು ಮೊಳಕೆ ಕಟ್ಟಿ, ಹುರಿದು, ಅದೇ ನೀರಿನಲ್ಲಿ ಬೇಯಿಸಿ, ಕಹಿ ಹೂವು ಹಾಕಿ, ಆಳೆತ್ತರದ ಕೊಪ್ಪರಿಗೆಗಳಲ್ಲಿ ಹುದುಗಿಸಿದ ತೆಳ್ಳನೆಯ ಬಿಯರು ಅಲ್ಲಿಂದ ಮನೆಮನೆಗೂ ಬರುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಹುದುಗುವುದಕ್ಕೆ ಮುಂಚಿನ ಸಿಹಿನೀರು. ಅದನ್ನು ಕುಡಿದು ನಾವು ಮಾತಾಡುತ್ತೇವೆ, ಹಾಡುತ್ತೇವೆ, ಎಲ್ಲಕ್ಕಿಂತ ಹೆಚ್ಚಾಗಿ ಜಗಳವಾಡುತ್ತೇವೆ.

ಕೊಪ್ಪರಿಗೆ ಮನೆಯನ್ನು ನೋಡಿಕೊಳ್ಳುವ ಪಾರುಪತ್ಯಗಾರ ರಾಯಪ್ಪನವರು ಮೇಜಿನ ಮೇಲೆ ಒಂದು ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದಾರೆ. ವರ್ಷಕ್ಕೊಮ್ಮೆ ಊರಿನವರನ್ನೆಲ್ಲ ಕರೆದು ಕೆಟ್ಟ ಬಿಯರಿನ ಒಂದು ಹನಿಯನ್ನು ಅದರಲ್ಲಿ ತೋರಿಸುತ್ತಾರೆ. ನಾನೂ ಒಂದು ಕಣ್ಣು ಮುಚ್ಚಿ ನೋಡಿದ್ದೇನೆ. ಕೆಲವು ಮುರಿದ ಶಾವಿಗೆ ಚೂರಿನ ಹಾಗಿದ್ದವು, ಕೆಲವು ನಾಲ್ಕು ನಾಲ್ಕು ಒತ್ತಿ ಕೂತ ಸಾಸಿವೆಯ ಹಾಗೆ. "ಇವೇ ಬ್ಯಾಕ್ಟೀರಿಯಾ. ಹಾಲನ್ನ ಮೊಸರು ಮಾಡೋವೂ ಬಿಯರ್ ಕೆಡಿಸೋವೂ ಒಂದೇ ವಂಶ. ಕಹಿ ಹೂವಿಗೆ ಮಿಕ್ಕವೆಲ್ಲ ಸಾಯ್ತವೆ, ಇವಕ್ಕೆ ಅದು ಪಾಯಸ ಇದ್ದಂಗೆ" ಅನ್ನುತ್ತಾರೆ ರಾಯಪ್ಪನವರು. ಜನ ಆ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. "ಅವರು" ಅನ್ನುತ್ತಾರೆ, ಮುನಿಸಿಕೊಂಡ ಬೀಗರ ಬಗ್ಗೆ ಮಾತಾಡುವ ಹಾಗೆ. ಅವರು ಯಾರ ಮನೆಯಲ್ಲಿ ಹುಟ್ಟುತ್ತಾರೋ, ಯಾರ ಬೆರಳಿಗೆ ಅಂಟಿಕೊಂಡು ಕೊಪ್ಪರಿಗೆಯ ತನಕ ಹೋಗುತ್ತಾರೋ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೇ ನಮ್ಮೂರಿನಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ.

ಅನುಮಾನದಲ್ಲಿ ನನ್ನನ್ನು ಮೀರಿಸಿದವರು ನಮ್ಮ ಕೆಳಗಿನ ಬೀದಿಯಲ್ಲಿ ಒಬ್ಬಳೇ ಇದ್ದಳು, ಪಕ್ಕದ ಮನೆಯ ಹೊಂಬಾಳಮ್ಮ. ನಾನು ದುಗ್ಗಮ್ಮ. ನನ್ನ ಗಂಡ ಬದುಕಿದ್ದಾಗ, "ನೀವಿಬ್ರೂ ಇರೋ ಬೀದಿಗೆ ಕಾವಲು ಯಾಕೆ, ಸುಮ್ನೆ ದಂಡ" ಅನ್ನುತ್ತಿದ್ದರು. ನನಗೊಬ್ಬ ಮಗ, ಪಾಪಣ್ಣ, ಕೊಪ್ಪರಿಗೆ ಮನೆಯಲ್ಲಿ ನೊರೆ ತೆಗೆಯುವ ಕೆಲಸ. ಅವನ ಹೆಂಡತಿ ನೀಲವೇಣಿ. ಹೊಂಬಾಳಮ್ಮನಿಗೆ ಗಂಡನೂ ಇಲ್ಲ, ಮಕ್ಕಳೂ ಇಲ್ಲ, ಇರುವುದೊಂದು ನಾಲಿಗೆ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪಾಪಣ್ಣ ಹೊತ್ತಿಗೆ ಮುಂಚೆ ಮನೆಗೆ ಬಂದು ಗೋಡೆಗೊರಗಿ ಕೂತ. "ದೊಡ್ಡ ಕೊಪ್ಪರಿಗೆ ಹೋಯ್ತು ಕಣವ್ವ. ಸೌಟು ಎತ್ತಿದ್ರೆ ಲೋಳೆ ಎಳೆ ಎಳೆಯಾಗಿ ಬರ್ತದೆ. ಬೆಣ್ಣೆ ಕಾಯಿಸ್ದಂಗೆ ವಾಸ್ನೆ. ಪಕ್ಕದ್ದೂ ಇವತ್ತೋ ನಾಳೆಯೋ ಅನ್ನಂಗದೆ." ಸಂಜೆಯ ಹೊತ್ತಿಗೆ ಬೀದಿಯ ಮುಖವೇ ಬದಲಾಯಿತು. ಬಾಗಿಲು ದಾಟುವವರು ಮೂಗು ಅರಳಿಸಿ ಹೋಗತೊಡಗಿದರು. ನಾಕು ಮನೆ ಆಚೆಯ ಗೌರವ್ವ ಯಾರೂ ಕೇಳದೆ ಇದ್ದರೂ, "ನಮ್ಮನೇಲಿ ಹಾಲು ಕರೆದ ತಕ್ಷಣ ಕಾಯಿಸಿ ಕುಡಿದುಬಿಡ್ತೀವಪ್ಪ" ಅಂತ ಬಾವಿಕಟ್ಟೆಯಲ್ಲಿ ಸಾರಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹೊಂಬಾಳಮ್ಮ ಬೇಲಿಯ ಮೇಲಿಂದ ಬಗ್ಗಿ, "ಏನ್ ದುಗ್ಗೀ, ನಿನ್ ಸೊಸೆ ತೌರಲ್ಲಿ ಎಮ್ಮೆ ಬಾಳ ಅಂತೆ? ಗಡಿಗೆ ಗಡಿಗೆ ಮೊಸ್ರಂತೆ?" ಅಂದಳು. "ನಿನ್ ತಲೇಲಿ ಗಡಿಗೆಗಟ್ಲೆ ಸಗಣಿ ಇದ್ಯಲ್ಲ, ಅದನ್ನ ನೋಡ್ಕೋ" ಅಂತ ನಾನು ಬಾಯಿ ಮುಚ್ಚಿಸಿದೆ. ಆದರೆ ಮಾತು ಮಾತ್ರ ಒಳಗೆ ಉಳಿಯಿತು.

ನಿಜ ಹೇಳುತ್ತೇನೆ, ನನಗೂ ಅದೇ ಅನುಮಾನ. ನೀಲವೇಣಿ ಮೊಸರುಣ್ಣುವ ಊರಿನವಳು. ಈಗ ಬಸುರಿ ಬೇರೆ. ಬಸುರಿ ನಾಲಿಗೆ ಹುಳಿಗೆ ಹಾತೊರೆಯುವುದು ಲೋಕಕ್ಕೇ ಗೊತ್ತು. ನಾನು ಮಾವಿನಕಾಯಿ ಹೆಚ್ಚಿ ಉಪ್ಪುಖಾರ ಹಾಕಿ ಕೊಟ್ಟರೆ ಹಲ್ಲು ಚುಳ್ಳೆನ್ನುತ್ತದೆ ಅಂತ ತಟ್ಟೆ ಸರಿಸಿಬಿಡುತ್ತಿದ್ದಳು. ಹಾಲನ್ನದ ತಟ್ಟೆ ನೋಡಿದರೆ ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ಹೀಗಿದ್ದವಳು ಕೆಲವು ದಿನಗಳಿಂದ ಗೆಲುವಾಗಿದ್ದಳು, ಮೈ ತುಂಬಿಕೊಳ್ಳುತ್ತಿದ್ದಳು. ಹಾಲು ಯಾಕೋ ಒಂದು ಲೋಟ ಕಮ್ಮಿ ಬೀಳುತ್ತಿತ್ತು. ಕೇಳಿದರೆ, "ಉಕ್ಕಿ ಹೋಯ್ತು ಅತ್ತೆ" ಅನ್ನುತ್ತಿದ್ದಳು. ಉಕ್ಕಿದ ಹಾಲಿಗೆ ಒಲೆಯ ಮೇಲೆ ಕರೆ ಇರಬೇಕಲ್ಲ? ಒಲೆ ಸಾರಿಸಿದ ಹಾಗೆ ಇತ್ತು.

ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವಳ ಪೆಟ್ಟಿಗೆ ತೆಗೆದೆ. ಮಾಡಬಾರದ ಕೆಲಸ ಅಂತ ನನಗೇನು ಗೊತ್ತಿರಲಿಲ್ಲವೇ? ಗೊತ್ತಿದ್ದೇ ತೆಗೆದೆ. ಸೀರೆಗಳ ಕೆಳಗೆ ಒಂದು ಹಳೇ ಕುಪ್ಪಸದ ಮಡಿಕೆಯಲ್ಲಿ ಗಂಟು ಕಟ್ಟಿದ ಮೆಣಸಿನಕಾಯಿ ತೊಟ್ಟುಗಳು ಸಿಕ್ಕವು. ಒಣಗಿ ಕಂದಾದ ಒಂದು ಹಿಡಿ ತೊಟ್ಟು. ಬಸುರಾದ ಮೇಲೆ ತೌರಿಗೆ ಹೋಗಿ ಬಂದಾಗ ಊರಬಾಗಿಲಲ್ಲಿ ಕಾವಲಿನವರು ಮೂಟೆ ಬಿಚ್ಚಿದ್ದರು, ಬುಟ್ಟಿ ಬಿಚ್ಚಿದ್ದರು, ಬಸುರಿ ಹೆಂಗಸಿನ ಕುಪ್ಪಸ ಬಿಚ್ಚಿ ನೋಡುವ ಧೈರ್ಯ ಯಾವನಿಗಿದೆ? ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದರೆ ಮುಚ್ಚಿಟ್ಟ ಪುಟ್ಟ ಕುಡಿಕೆ ಸಿಕ್ಕಿತು.

"ನೀಲಾ, ಬಾ ಇಲ್ಲಿ" ಅಂತ ಕೂಗಿದೆ. ಒದ್ದೆ ಕೈಯಲ್ಲೇ ಬಂದವಳು ನನ್ನ ಕೈಲಿದ್ದದ್ದು ನೋಡಿ ಅಲ್ಲೇ ಕುಸಿದು ಕೂತಳು. "ಬೈಬೇಡಿ ಅತ್ತೆ. ತಡ್ಕೊಳಕ್ಕಾಗ್ಲಿಲ್ಲ. ರಾತ್ರಿಯೆಲ್ಲ ಮೊಸರನ್ನದ್ದೇ ಕನಸು. ಹೊಟ್ಟೇಲಿರೋದು ಕೇಳ್ತಿದೆ ಅನ್ಸೋದು." ನಾನು ಬಾಯಿ ತೆಗೆದು ಊರೆಲ್ಲ ಸೇರುವ ಹಾಗೆ ಬೈಯಬೇಕಿತ್ತು. ಬೇಲಿಯಾಚೆ ಹೊಂಬಾಳಮ್ಮನ ಕಿವಿ ಇದೆ ಅಂತ ನೆನಪಾಗಿ ಹಲ್ಲು ಕಚ್ಚಿಕೊಂಡೆ. ಅದೂ ಅಲ್ಲದೆ, ಕುಡಿಕೆಯ ಮುಚ್ಚಳ ಸರಿದಿತ್ತು. ಬೆಳ್ಳಗೆ, ಗಟ್ಟಿಯಾಗಿ, ಮೇಲೊಂದು ತೆಳು ಕೆನೆ. ಹುಟ್ಟಿದಾಗಿನಿಂದ ಈ ಊರಿನಲ್ಲೇ ಇದ್ದವಳು ನಾನು. ನೋಡೋಣ ಅದೇನಂಥದ್ದು ಅಂತ ಒಂದು ಬೆರಳು ಅದ್ದಿ ನೆಕ್ಕಿದೆ. ಅಯ್ಯೋ ಶಿವನೇ! ಇಷ್ಟು ವರ್ಷ ಇದಿಲ್ಲದೆ ನಾನು ಏನನ್ನು ಊಟ ಅಂತ ಉಂಡಿದ್ದೆ? ಅತ್ತೆ ಸೊಸೆ ಇಬ್ಬರೂ ಸೇರಿ ಕುಡಿಕೆ ಖಾಲಿ ಮಾಡಿದೆವು. ಆಮೇಲೆ ಕುಡಿಕೆಯನ್ನು ಪುಡಿ ಪುಡಿ ಮಾಡಿ ಬಚ್ಚಲ ಒಲೆಗೆ ಹಾಕಿದೆ. ತೊಟ್ಟುಗಳನ್ನೂ ಸುಡೋಣ ಅಂತ ಸೆರಗಿನ ತುದಿಗೆ ಕಟ್ಟಿಕೊಂಡೆ. ಅಷ್ಟರಲ್ಲಿ ಬೀದಿಯಲ್ಲಿ ತಮಟೆ ಕೇಳಿಸಿತು.

ಕೆಳಗಿನ ಬೀದಿಗೆ ಹಾಲಿಡುವ ದಿನ ಸಾರುತ್ತಿದ್ದರು. ಕೊಪ್ಪರಿಗೆ ಕೆಟ್ಟಾಗ ಪಾರುಪತ್ಯಗಾರರು ಮಾಡುವ ಪರೀಕ್ಷೆ ಅದು. ಒಂದೇ ಹಂಡೆಯಲ್ಲಿ ಹಾಲು ಕಾಯಿಸಿ, ಮನೆಗೊಂದು ಹೊಸ ಕುಡಿಕೆಗೆ ಸುರಿದು, ತೆಳುಬಟ್ಟೆ ಕಟ್ಟಿ, ಗಂಟಿಗೆ ಅರಗಿನ ಮುದ್ರೆ ಒತ್ತುತ್ತಾರೆ. ಸಂಜೆ ಇಟ್ಟರೆ ಮರುದಿನ ನೆತ್ತಿ ಮೇಲೆ ಸೂರ್ಯ ಬರುವ ತನಕ ಅದು ಆ ಮನೆಯ ಅಡುಗೆಮನೆಯಲ್ಲಿ ಇರಬೇಕು. ಯಾರ ಮನೆಯಲ್ಲಿ ಅವರು ನೆಲೆಸಿದ್ದಾರೋ ಆ ಮನೆಯ ಹಾಲು ಹೆಪ್ಪಾಗುತ್ತದೆ ಅಂತ ಲೆಕ್ಕ. ಕೆಡಿಸಿದ ಕೈ ಯಾರದೋ ಆ ಮನುಷ್ಯರ ಬಾಯಿಗೇ ದಂಡ ಅನ್ನುವುದು ನಮ್ಮೂರ ಕಾನೂನು. ಮಾಡಿದ ಕೈ ಯಾರದು ಅಂತ ತಿಳಿದರೆ ಅವರೊಬ್ಬರಿಗೆ ಬಿಯರು ನಿಲ್ಲಿಸಿ ನೀರು ಕುಡಿಸುತ್ತಾರೆ. ತಿಳಿಯದಿದ್ದರೆ ಮನೆಮಂದಿಗೆಲ್ಲ. ಕೊಪ್ಪರಿಗೆ ಯಾವಾಗ ಕೆಟ್ಟರೂ ಹಾಲಿಡುವುದನ್ನು ಚಳಿಗಾಲದಲ್ಲೇ ಮಾಡುತ್ತಿದ್ದರು; ಈ ಸಲ ಎರಡು ಕೊಪ್ಪರಿಗೆ ಹೋದ ಗಾಬರಿಗೆ ನಡುಬೇಸಿಗೆ ಅಂತಲೂ ನೋಡಲಿಲ್ಲ.

ಪಾಪಣ್ಣನಿಗೆ ನಾನು ಏನೂ ಹೇಳಲಿಲ್ಲ. ಅವನ ಮುಖ ಕನ್ನಡಿ, ಒಳಗಿದ್ದದ್ದೆಲ್ಲ ಹೊರಗೆ ಕಾಣುತ್ತದೆ. ಸಂಜೆ ರಾಯಪ್ಪನವರ ಆಳುಗಳು ಕುಡಿಕೆ ತಂದು ಒಲೆಯ ಪಕ್ಕದಲ್ಲಿಟ್ಟು ಹೋದರು. ನೀಲವೇಣಿ ಅದರ ಮುಂದೆ ದೇವರ ಮುಂದೆ ಕೂತ ಹಾಗೆ ಕೂತಳು. "ಅತ್ತೆ, ನಂಗೆ ಮಾತು ಹೋದ್ರೆ ಹೋಗ್ಲಿ. ಮಗು ಹುಟ್ಟಿದ ಮೇಲೆ ಅದನ್ನ ಏನಂತ ಕರೀಲಿ? ಅಳೋವಾಗ ಹೆಂಗೆ ಸಮಾಧಾನ ಮಾಡ್ಲಿ?" ಅಂದಳು. ಅವಳಿಗೆ ಒಳ್ಳೆಯ ಕಂಠ. ಮದುವೆಯಾಗಿ ಬಂದ ಹೊಸದರಲ್ಲಿ ರಾಗಿ ಬೀಸುವಾಗ ಹಾಡಿದರೆ ನಾನು ಕೆಲಸ ಬಿಟ್ಟು ನಿಲ್ಲುತ್ತಿದ್ದೆ, ಹಾಗಂತ ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಆ ಕಂಠ ನನ್ನ ಮನೆಯಲ್ಲಿ ನಿಂತುಹೋಗಬಾರದು. "ಏಳು, ಹೋಗಿ ಮಲ್ಕೋ" ಅಂತ ಗದರಿ ಕಳಿಸಿದೆ. ಇಡ್ಲಿಗೆ ಹಾಕುವ ಸೋಡಾ ಡಬ್ಬ ತೆಗೆದು, ತೆಳುಬಟ್ಟೆಯ ಮೇಲೆ ಒಂದು ಚಿಟಿಕೆ ಉದುರಿಸಿ ಬೆರಳಲ್ಲಿ ಮೆಲ್ಲಗೆ ತಟ್ಟಿದೆ. ಹಿಟ್ಟಿನ ಹಾಗೆ ಒಳಗಿಳಿಯಿತು. ಹಾಲಿಗೆ ಸೋಡಾ ಬಿದ್ದರೆ ಅದು ಹುಳಿಯುವುದಿಲ್ಲ. ಮೇಲೊಂದು ಚಿಟಿಕೆ ಹೆಚ್ಚೇ ಹಾಕಿದೆ.

ಮರುದಿನ ಮಧ್ಯಾಹ್ನ ಬೀದಿಯ ನಡುವೆ ಚಪ್ಪರದ ಕೆಳಗೆ ಉದ್ದ ಮಣೆ ಹಾಕಿ, ಕುಡಿಕೆಗಳನ್ನೆಲ್ಲ ಸಾಲಾಗಿ ಇಟ್ಟರು. ಸೆಖೆಗೆ ಮೈಯಲ್ಲಿ ನೀರಿಳಿಯುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ರಾಯಪ್ಪನವರು ಮೊದಲನೇ ಮುದ್ರೆ ಒಡೆದು ಕುಡಿಕೆಯನ್ನು ಓರೆ ಮಾಡಿದರು. ಹಾಲು ನೀರಿನ ಹಾಗೆ ಹರಿದಾಡಿತು. ಎರಡನೆಯದು, ಗೌರವ್ವನದು, ಅದೂ ಹಾಲು. ನಮ್ಮದೂ ಹಾಲು, ನೀಲವೇಣಿ ನನ್ನ ಸೆರಗನ್ನು ಹಿಂದಿನಿಂದ ಹಿಡಿದುಕೊಂಡಿದ್ದಳು, ಅವಳ ಹಿಡಿತ ಸಡಿಲವಾಗಿದ್ದು ಗೊತ್ತಾಯಿತು. ಹೀಗೇ ಮಣೆಯ ಉದ್ದಕ್ಕೂ ಎಲ್ಲವೂ ಕರೆದಿಟ್ಟ ಹಾಲಿನಂತೆ ಇದ್ದವು. ಹೊಂಬಾಳಮ್ಮನ ಕುಡಿಕೆ ಮಾತ್ರ ಓರೆ ಮಾಡಿದರೂ ಅಲುಗಲಿಲ್ಲ. ಬೋರಲು ಹಾಕಿದರು. ಮುದ್ದೆಯ ಹಾಗೆ ಮಣೆಯ ಮೇಲೆ ಬಿತ್ತು.

"ನಂಗೊತ್ತಿತ್ತು!" ಅಂತ ಮೊದಲು ಕೂಗಿದವಳು ಗೌರವ್ವ. ಅಲ್ಲಿಂದ ಶುರುವಾಯಿತು. ಒಬ್ಬಳೇ ಇದ್ದವಳಿಗೆ ಅಷ್ಟು ಹಾಲು ಯಾಕೆ ಬೇಕಿತ್ತು ಅಂದರು, ಅವಳ ಹಿತ್ತಲ ಕಡೆ ಹೋದರೆ ಯಾವಾಗಲೂ ಒಂಥರಾ ವಾಸನೆ ಅಂದರು, ಹೋದ ವರ್ಷ ಕೊಪ್ಪರಿಗೆ ಮನೆ ಗೋಡೆಯ ಹತ್ತಿರ ನಿಂತಿದ್ದಳು ಅಂದರು. ಹೊಂಬಾಳಮ್ಮ ಮಣೆಯ ಮೇಲೆ ಬಿದ್ದಿದ್ದನ್ನೇ ನೋಡುತ್ತಿದ್ದಳು. "ನಮ್ಮನೇಲಿ ಹೆಪ್ಪಿಲ್ಲ ಸ್ವಾಮಿ" ಅಂದಳು. "ದೇವರಾಣೆಗೂ ಇಲ್ಲ." ಅವಳ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ರಾಯಪ್ಪನವರ ಆಳು ಆಗಲೇ ನೀರಿನ ಕೊಡ ಎತ್ತಿಕೊಂಡು ಬಂದಿದ್ದ.

ನನಗೆ ಆಗ ತಲೆಗೆ ಹೊಳೆಯಿತು. ಇಂಥ ಸೆಖೆಯಲ್ಲಿ, ಅಷ್ಟು ಹೊತ್ತು ಇಟ್ಟ ಹಾಲು ತನ್ನಷ್ಟಕ್ಕೆ ತಾನೇ ಕೆಡಬೇಕು. ಯಾರ ಮನೆಯಲ್ಲಿಟ್ಟರೂ ಕೆಡಬೇಕು. ಕೆಡದೆ ಉಳಿದ ಹಾಲೇ ಕಳ್ಳ ಹಾಲು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಸುಮ್ಮನೆ ಹೇಳಿದರೇ ಹಿರಿಯರು? ಗೌರವ್ವನ ಮುಖ ನೋಡಿದೆ, ಅವಳು ತಕ್ಷಣ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವಳ ಪಕ್ಕದವಳ ಮುಖ ನೋಡಿದೆ. ಇಡೀ ಬೀದಿಯ ಮುಖ ನೋಡಿದೆ. ಎಲ್ಲರ ಮನೆಯಲ್ಲೂ ಇಡ್ಲಿ, ಎಲ್ಲರ ಮನೆಯಲ್ಲೂ ಸೋಡಾ ಡಬ್ಬ, ಎಲ್ಲರ ಮನೆಯಲ್ಲೂ ಏನೋ ಒಂದು ಕುಡಿಕೆ! ಸೋಡಾ ಹಾಕದೆ ಬಿಟ್ಟವಳು ಒಬ್ಬಳೇ, ಯಾಕಂದರೆ ಹೆದರುವುದಕ್ಕೆ ಅವಳಿಗೆ ಏನೂ ಇರಲಿಲ್ಲ.

ಆ ಮಾತನ್ನೇ ಹೇಳಬಹುದಿತ್ತು. ಕುಡಿಕೆಗಳನ್ನು ರುಚಿ ನೋಡಿ ಸ್ವಾಮಿ, ಎಲ್ಲದರಲ್ಲೂ ಸೋಡಾ ಇದೆ ಅನ್ನಬಹುದಿತ್ತು. ಮೊದಲು ರುಚಿ ನೋಡುವುದು ನನ್ನ ಕುಡಿಕೆಯನ್ನೇ. ಸೋಡಾ ಯಾಕೆ ಹಾಕಿದೆ, ಮನೆಯಲ್ಲಿ ಏನಿತ್ತು, ಯಾರ ಕೈ ಅಂತ ಕೇಳುತ್ತಾರೆ. ಹಾಗೆಯೇ ಬೀದಿಯ ಪ್ರತಿ ಮನೆಗೂ ಕೊಡ ಹೋಗುತ್ತದೆ. ನೀಲವೇಣಿ ಹಿಂದಿನಿಂದ ಮತ್ತೆ ನನ್ನ ಸೆರಗು ಹಿಡಿದಳು. "ಅತ್ತೆ, ನಾನೇ ಹೇಳ್ಬಿಡ್ತೀನಿ" ಅಂತ ಪಿಸುಗುಟ್ಟಿದಳು. ಅವಳು ಹೆಜ್ಜೆ ಮುಂದಿಡುವಷ್ಟರಲ್ಲಿ ನಾನು ಮಣೆಯ ಮುಂದೆ ಹೋಗಿ ನಿಂತಿದ್ದೆ.

"ಸ್ವಾಮಿ, ಆಕೆ ಮನೇಲಿ ಹೆಪ್ಪಿಲ್ಲ. ಆಕೆ ಹಾಲಿಗೆ ಹುಳಿ ಹಿಂಡಿದ್ದು ನಾನು" ಅಂದೆ. ಸೆರಗಿನ ಗಂಟು ಬಿಚ್ಚಿ ತೊಟ್ಟುಗಳನ್ನು ಮಣೆಯ ಮೇಲೆ ಸುರಿದೆ. "ಇವನ್ನ ಹಾಲಿಗೆ ಹಾಕಿ ಮೊಸರು ಮಾಡ್ದೆ, ಬೇಲಿ ಹಾರಿ ಹೋಗಿ ಬಟ್ಟೆ ಮೇಲಿಂದ ಅವಳ ಕುಡಿಕೆಗೆ ಹಿಂಡ್ದೆ. ನಮ್ಮಿಬ್ಬರ ಹಗೆ ಬೀದಿಗೆಲ್ಲ ಗೊತ್ತು. ಕೊಪ್ಪರಿಗೆ ಕೆಡ್ಸಿದ್ದೂ ಈ ಕೈಯೇ ಇರಬೇಕು."

ನಿಜ ಹೇಳಿದ್ದರೆ ಸಾವಿರ ಪ್ರಶ್ನೆ ಬರುತ್ತಿತ್ತು. ಸುಳ್ಳಿಗೆ ಒಂದೂ ಬರಲಿಲ್ಲ. ಬೇರೆಯವರ ಮನೆಗೆ ಹುಳಿ ಹಿಂಡುವ ಹೆಂಗಸು ಅಂದರೆ ನಂಬದವರು ಯಾರು? ದುಗ್ಗಮ್ಮ ಅಂಥವಳೇ ಅಂತ ಎಲ್ಲರ ಮುಖದಲ್ಲೂ ನಿರಾಳವಾಯಿತು. ಪಾಪಣ್ಣ ಮಾತ್ರ "ಅವ್ವಾ" ಅಂತ ಒಂದು ಸಲ ಅಂದು ನಿಂತುಬಿಟ್ಟ. ಹೊಂಬಾಳಮ್ಮ ನನ್ನ ಕಡೆ ತಿರುಗಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. "ನಿನ್ ಬಾಯಿ ಬಿದ್ದೋಗ!" ಅಂತ ಶಾಪ ಹಾಕಿದಳು. ರಾಯಪ್ಪನವರ ಆಳು ಕೊಡವನ್ನು ಅವಳ ಮುಂದಿನಿಂದ ಎತ್ತಿ ನನ್ನ ಮುಂದೆ ಇಟ್ಟ. ನೀರು ತಣ್ಣಗಿತ್ತು. ರುಚಿಯೇನೂ ಇರಲಿಲ್ಲ.

ಬಾಯಿಲ್ಲದವಳು ಇಷ್ಟೆಲ್ಲ ಹೇಗೆ ಹೇಳುತ್ತಿದ್ದಾಳೆ ಅನ್ನಬೇಡಿ, ನೀವು ಓದುತ್ತಿದ್ದೀರಿ, ಕೇಳುತ್ತಿಲ್ಲ. ಮಾತು ಹೋದ ಮೇಲೆ ಮೊದಮೊದಲು ಕೋಪ ಬಂದಾಗ ಪಾತ್ರೆ ಕುಕ್ಕುತ್ತಿದ್ದೆ. ಈಗ ಅದೂ ಕಮ್ಮಿಯಾಗಿದೆ. ಮಳೆ ಶುರುವಾಗುವ ಹೊತ್ತಿಗೆ ಮತ್ತೊಂದು ಕೊಪ್ಪರಿಗೆ ಕೆಟ್ಟಿತು. ಈಗ ಮೇಲಿನ ಬೀದಿಯವರು ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲವಂತೆ, ಪಾಪಣ್ಣ ಬಂದು ಹೇಳಿದ. ನೀಲವೇಣಿಗೆ ಹೆಣ್ಣು ಮಗುವಾಯಿತು.

ಮಗು ಹುಟ್ಟಿದ ಕೆಲವು ದಿನಕ್ಕೆ, ಅಷ್ಟು ತಿಂಗಳು ಬೇಲಿಯ ಕಡೆ ತಲೆ ಹಾಕದೆ ಇದ್ದ ಹೊಂಬಾಳಮ್ಮ, ಒಂದು ಬೆಳಿಗ್ಗೆ ನಮ್ಮ ಹಿತ್ತಲಿಗೇ ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು. ನಾನು ಬಾಣಂತಿಯ ಬಟ್ಟೆ ಹಿಂಡುತ್ತಿದ್ದೆ. "ಅವತ್ತು ನೀನು ನಮ್ಮನೆಗೆ ಬರ್ಲಿಲ್ಲ ಕಣೇ" ಅಂದಳು. "ನೀನು ಬಂದು ಏನಾದ್ರೂ ಹಾಕ್ತೀಯ ಅಂತ ನಂಗೆ ಅನುಮಾನ ಇತ್ತು. ಕುಡಿಕೆ ಮಗ್ಗಲಲ್ಲೇ ಕೂತಿದ್ದೆ. ರೆಪ್ಪೆ ಮುಚ್ಲಿಲ್ಲ. ಒಂದು ನೊಣನೂ ಬರ್ಲಿಲ್ಲ ಅದರ ಹತ್ರ."

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಇವಳು ನಂಬಿದ್ದಾಳೆ ಅಂದುಕೊಂಡಿದ್ದೆ ಇಷ್ಟು ದಿನ. ಎಲ್ಲರಿಗಿಂತ ಮೊದಲು, ಚಪ್ಪರದ ಕೆಳಗೇ, ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಇವಳಿಗೆ ಗೊತ್ತಿತ್ತು.

"ಗೊತ್ತಿದ್ದೂ ಸುಮ್ಮನಾದೆ. ಕೊಡ ನನ್ನ ಮುಂದೆ ಇತ್ತಲ್ಲೇ ದುಗ್ಗೀ. ನಂಗೆ ಯಾರವ್ರೆ? ಗಂಡನೋ ಮಕ್ಕಳೋ? ಇದೊಂದು ನಾಲಿಗೆ ಬಿಟ್ರೆ ಏನೈತೆ ನಂಗೆ? ಅದಕ್ಕೇ ಶಾಪ ಹಾಕ್ದೆ, ಜನ ನಂಬ್ಲಿ ಅಂತ." ಅವಳು ಅಳುತ್ತಿದ್ದಳು. ನನಗೆ ಅವಳ ಜುಟ್ಟು ಹಿಡಿದು ಕಲ್ಲಿಗೆ ಕುಕ್ಕಬೇಕು ಅನ್ನುವಷ್ಟು ಸಿಟ್ಟು ಬಂತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಮಾಡುತ್ತಿದ್ದೆ ಅಂತಲೂ ಗೊತ್ತಾಯಿತು. ಎರಡೂ ಒಟ್ಟಿಗೆ ಬಂದು ಗಂಟಲಲ್ಲಿ ಸಿಕ್ಕಿಕೊಂಡವು; ಹೊರಗೆ ಬರುವುದಕ್ಕೆ ದಾರಿ ಇರಲಿಲ್ಲ.

ಒಳಗೆ ಮಗು ಎದ್ದು ಅತ್ತಿತು. ನೀಲವೇಣಿ ತೊಟ್ಟಿಲು ತೂಗುತ್ತಾ ಹಾಡಲು ಶುರುಮಾಡಿದಳು. ಹೊಂಬಾಳಮ್ಮ ತಲೆಯೆತ್ತಿ ಆ ಕಡೆ ಕಿವಿ ಕೊಟ್ಟಳು. ಹಾಡು ಮುಗಿಯುವ ತನಕ ಕೇಳಿದಳು. ಮೆಣಸಿನಕಾಯಿ ತೊಟ್ಟು ಯಾರದು, ನಾನು ಯಾಕೆ ಮಣೆಯ ಮುಂದೆ ಹೋಗಿ ನಿಂತೆ ಅನ್ನುವುದೆಲ್ಲ ಅವಳ ಮುಖದ ಮೇಲೆ ಒಂದೊಂದಾಗಿ ಮೂಡುವುದನ್ನು ನಾನು ನೋಡುತ್ತಿದ್ದೆ. ಈಗ ಬೇಲಿ ಹಾರಿ ಹೋಗಿ ಊರಿಗೆಲ್ಲ ಸಾರುತ್ತಾಳೆ ಅಂದುಕೊಂಡೆ. ಅವಳು ಎದ್ದು ನನ್ನ ಕೈಯಲ್ಲಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದು, ಎಂದಿನಂತೆ ಸುತ್ತಮುತ್ತ ಅನುಮಾನದಿಂದ ನೋಡಿ, ದನಿ ತಗ್ಗಿಸಿ ಹೇಳಿದಳು:

"ಯಾರ ಹತ್ರನೂ ಬಾಯಿ ಬಿಡ್ಬೇಡ ಕಣೇ."